ಒಡೆತ್ ಕಾಯುತ್ತಿದ್ದ ಬೀಗದ ಕೈ

ಹರಳೆಣ್ಣೆ ಬೆಚ್ಚಗಾಗುವ ವಾಸನೆ ನಿಮಗೆ ಬಚ್ಚಲೊಲೆಯನ್ನೋ, ಕಣ್ಣಿಗೆ ಬಿದ್ದ ಸೀಗೆಪುಡಿಯನ್ನೋ, ಹಬ್ಬದ ಹಿಂದಿನ ದಿನದ ಗಡಿಬಿಡಿಯನ್ನೋ ನೆನಪಿಗೆ ತರಬಹುದು. ನನಗೆ ಅದು ಫ್ರಾನ್ಸ್ ದೇಶದ ಒಂದು ಪುಟ್ಟ ಹಳ್ಳಿಯ ವಾಸನೆ. ನಗಬೇಡಿ, ನಿಜವಾಗಿಯೇ ಹೇಳುತ್ತಿದ್ದೇನೆ. ಹೋದ ಭಾನುವಾರ ನ್ಯೂಕ್ಯಾಸಲ್‌ನ ನಮ್ಮ ಮನೆಯಲ್ಲಿ ಒಂಬತ್ತು ವರ್ಷದ ಮಗಳು ಅನಘಳನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿಕೊಂಡು ತಲೆಗೆ ಎಣ್ಣೆ ತಟ್ಟುತ್ತಿದ್ದೆ. “ಟೂ ಮಚ್ ಆಯಿಲ್, ಅಮ್ಮ!” ಎಂದು ಅವಳು ತಲೆ ಕೊಡವಿದಳು. ಸೋಫಾದ ಮೇಲೆ ಕಾಲು ಚಾಚಿಕೊಂಡಿದ್ದ ನನ್ನ ಅಮ್ಮ ನಕ್ಕು, “ಇದೇನ್ ಮಹಾ ಬಿಡು ಪುಟ್ಟ. ನಿಮ್ ಮುತ್ತಜ್ಜಿ ಫ್ರಾನ್ಸಲ್ಲಿ ದೇವ್ರಿಗೇ ಎಣ್ಣೆ ಹಚ್ಚಿ ಬಂದಿದ್ರು. ಅಲ್ಲಿದ್ದ ಆ ಹೆಂಗ್ಸು ಪಾಪ, ಹಚ್ಚಿ ಪರವಾಗಿಲ್ಲ ಅಂದಿದ್ಲು” ಅಂದರು. ಮಗಳು ನನ್ನ ಕಡೆ ತಿರುಗಿ, “ರಿಯಲಿ? ಶೀ ಸೆಡ್ ಯೆಸ್?” ಎಂದಳು. ಮೂವತ್ತು ವರ್ಷದಿಂದ ನಮ್ಮ ಮನೆಯಲ್ಲಿ ನಗೆಯ ಕಥೆಯಾಗಿ ಓಡಾಡಿಕೊಂಡಿದ್ದ ಮಾತು ಅದು. ಆ ಹೆಂಗಸು ಹೂಂ ಅಂದಿರಲೇ ಇಲ್ಲ. ಅಂದಳೆಂದು ಹೇಳಿದವಳು ನಾನು. ಮಗಳ ಜಡೆ ಹೆಣೆದು ಮುಗಿಸಿ, ಕೈ ತೊಳೆಯಲು ಎದ್ದುಹೋದೆ.

ಆಗ ನಾವಿದ್ದದ್ದು ಈಗಿನ ಮನೆಗೆ ಹತ್ತಿರದ ಈಸ್ಟ್‌ಗೇಟಿನಲ್ಲಿ, ಹೆದ್ದಾರಿಯ ಸದ್ದು ಇಡೀ ದಿನ ಹಿತ್ತಿಲಿಗೆ ಬಂದು ಬೀಳುತ್ತಿದ್ದ ಒಂದಂತಸ್ತಿನ ಮನೆಯಲ್ಲಿ. ಮಾಡಿನ ಮೇಲೆ ಹಾವಸೆ, ಗ್ಯಾರೇಜಿನಲ್ಲಿ ಉಪ್ಪಿನಕಾಯಿ ಜಾಡಿ, ಹಾಲಿನ ಮೂಲೆಯಲ್ಲಿ ಅಪ್ಪನ ಸ್ಲೈಡ್ ಪ್ರೊಜೆಕ್ಟರು. ಅಪ್ಪ ವಿಮಾನದ ರೆಕ್ಕೆಯ ಲೆಕ್ಕ ಹಾಕುವ ಎಂಜಿನಿಯರ್. ಅಜ್ಜಿ, ಅಂದರೆ ಅಪ್ಪನ ತಾಯಿ, ಮಳವಳ್ಳಿ ಕಡೆಯವಳು. ತಾತ ಹೋದಮೇಲೆ ನಮ್ಮ ಜೊತೆಗೇ ಬಂದು ನಿಂತಿದ್ದಳು. ಸಾಕ್ಸಿನ ಮೇಲೆ ಹವಾಯಿ ಚಪ್ಪಲಿ ತೂರಿಸಿಕೊಂಡು ಬೀದಿಯ ಕೊನೆವರೆಗೂ ನಡೆದು, ಎದುರು ಸಿಕ್ಕ ಬಿಳಿಯರನ್ನೆಲ್ಲ ಕನ್ನಡದಲ್ಲೇ “ಊಟಾಯ್ತಾ?” ಎಂದು ವಿಚಾರಿಸಿ ಬರುವ ಹೆಂಗಸು. ನಾನು ಅವಳಾಡಿದ್ದೆಲ್ಲ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದೆ, ಸ್ನೇಹಿತೆಯರು ಜೊತೆಗಿದ್ದರೆ ಅದನ್ನೂ ಕೊಡುತ್ತಿರಲಿಲ್ಲ. ನನಗೆ ಒಂಬತ್ತು ತುಂಬಿದ ವರ್ಷ ಅಪ್ಪನನ್ನು ಬೇಸಿಗೆಯ ಮೂರು ತಿಂಗಳು ಫ್ರಾನ್ಸಿನ ನೈರುತ್ಯದ ಒಂದು ಕಾರ್ಖಾನೆಗೆ ಕಳಿಸಿದರು. ಪೇಟೆಯ ಫ್ಲ್ಯಾಟಿನಲ್ಲಿ ಅಜ್ಜಿಗೆ ಉಸಿರು ಕಟ್ಟುತ್ತದೆಂದು ಅಪ್ಪ ಹಳ್ಳಿಯೊಂದರಲ್ಲಿ ಅರ್ಧ ಮನೆ ಹಿಡಿದರು. ಊರಿನ ಹೆಸರು ಬೇಡ. ಹೇಳಿದರೆ ನೀವು ಈಗಲೇ ಫೋನಿನಲ್ಲಿ ಹುಡುಕಿ ನೋಡುತ್ತೀರಿ.

ಮನೆಯ ಇನ್ನರ್ಧದಲ್ಲಿದ್ದವಳೇ ಒಡೆತ್. ಅರವತ್ತು ದಾಟಿದ ವಿಧವೆ, ಮಕ್ಕಳಿಲ್ಲ, ನೀಲಿ ಹೂವಿನ ಏಪ್ರನ್ ಬಿಟ್ಟು ಬೇರೆ ಬಟ್ಟೆಯಲ್ಲಿ ನಾನವಳನ್ನು ನೋಡಿದ ನೆನಪಿಲ್ಲ. ಅಜ್ಜಿಗೂ ಅವಳಿಗೂ ನಡುವೆ ಒಂದು ಪದ ಇರಲಿಲ್ಲ, ಆದರೂ ವಾರದೊಳಗೆ ಇಬ್ಬರೂ ಗಳಸ್ಯ ಕಂಠಸ್ಯ. ಬಿಸಿಲು ಇಳಿದಮೇಲೆ ಒಡೆತ್ ನಮ್ಮನ್ನು ಹೊರಡಿಸಿಕೊಂಡು ಊರ ಸುತ್ತಮುತ್ತ ಇರುವುದನ್ನೆಲ್ಲ ತೋರಿಸುತ್ತಿದ್ದಳು. ಒಂದು ದಿನ ಪಾರಿವಾಳ ಸಾಕುತ್ತಿದ್ದ ಕಲ್ಲಿನ ಗೋಪುರ, ಇನ್ನೊಂದು ದಿನ ನದಿಯ ಅಂಚಿನ ಸುಣ್ಣಕಲ್ಲಿನ ಗವಿ, ಅದರ ಬಾಯಲ್ಲಿ ನಿಂತರೆ ಆಗಸ್ಟಿನ ಸೆಕೆಯಲ್ಲೂ ಮೈಗೆ ತಣ್ಣಗೆ ಗಾಳಿ. ಊರವರು ನೂರಾರು ವರ್ಷ ಬಟ್ಟೆ ಒಗೆದ ಕಲ್ಲಿನ ತೊಟ್ಟಿಯನ್ನು ತೋರಿಸಿದಾಗ ಅಜ್ಜಿ ತಡಮಾಡಲಿಲ್ಲ. ಸೀರೆ ಎತ್ತಿಕಟ್ಟಿ, ಮಾರನೆಯ ದಿನವೇ ನಮ್ಮ ಟವಲುಗಳನ್ನು ಅಲ್ಲಿಗೆ ಹೊತ್ತು ತಂದು ಪಟಪಟ ಬಡಿದಳು. ಫೋಟೋ ತೆಗೆಯಲು ಬಂದಿದ್ದ ಪ್ರವಾಸಿಗಳು ಬಾಯಿ ಬಿಟ್ಟು ನೋಡಿದರು, ಒಡೆತ್ ನಕ್ಕು ನಕ್ಕು ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಗುಡ್ಡದಾಚೆ ಮೂರು ಕಲ್ಲಿನ ಮೇಲೆ ಒಂದು ಚಪ್ಪಡಿ ಹೊತ್ತ ಪುರಾತನ ಸಮಾಧಿಯನ್ನು ಕಂಡು ಅಜ್ಜಿ, “ಇದು ಪಾಂಡವರ ಮನೆ. ನಮ್ಮೂರ್ ಅಂಚಲ್ಲೂ ಅದೆ. ವನವಾಸ್ದಲ್ಲಿ ಇಲ್ಗೂ ಬಂದಿರ್ಬೇಕು” ಎಂದು ತೀರ್ಪು ಕೊಟ್ಟಳು. “ವೀಸಾ ಯಾರ್ ಕೊಟ್ರಂತೆ ಅತ್ತೆ?” ಎಂದು ಅಮ್ಮ ಕಾಲೆಳೆದರು. ಅಷ್ಟು ಸುಖವಾಗಿ ನಾವು ಐವರೂ ಆಮೇಲೆ ಎಲ್ಲಿಯೂ ನಡೆದಾಡಲಿಲ್ಲ.

ಎಲ್ಲಕ್ಕಿಂತ ಮೇಲಿದ್ದದ್ದು ಬೆಟ್ಟದ ತಲೆಯ ಪುಟ್ಟ ಗುಡಿ. ಇಗರ್ಜಿ ಎನ್ನಬೇಕು, ಆದರೆ ಅಜ್ಜಿಯ ಬಾಯಲ್ಲಿ ಅದು ಗುಡಿಯೇ. ಒಳಗೆ ಒಂದು ಕಿಂಡಿಯ ಬೆಳಕು, ಆ ಬೆಳಕಿನಲ್ಲಿ ಒಬ್ಬ ಸಂತ ಹೆಂಗಸಿನ ಮೊಣಕಾಲೆತ್ತರದ ಕಲ್ಲಿನ ಮೂರ್ತಿ. ಮಾತು ತಡವಾದ ಮಕ್ಕಳನ್ನು ತಾಯಂದಿರು ಅವಳ ಮುಂದೆ ತಂದು ನಿಲ್ಲಿಸುತ್ತಿದ್ದರಂತೆ. ಗುಡಿಗೆ ಸದಾ ಬೀಗ. ಅಂಗೈಯುದ್ದದ ಕಬ್ಬಿಣದ ಬೀಗದ ಕೈ ಒಡೆತ್‌ಳ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ. ಅದನ್ನು ಮೊದಲು ಅವಳ ಅಜ್ಜಿ ಕಾದಿದ್ದಳು, ಆಮೇಲೆ ತಾಯಿ, ಆಮೇಲೆ ಇವಳು. ಎಲ್ಲಿಂದಲೋ ಬಂದ ಪ್ರವಾಸಿಗಳು ಬಾಗಿಲು ತಟ್ಟಿದರೆ ಒಡೆತ್ ಒಲೆ ಆರಿಸಿ, ಬೀಗದ ಕೈ ಏಪ್ರನ್ನಿನ ಜೇಬಿಗಿಳಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ಬೆಟ್ಟ ಹತ್ತುತ್ತಿದ್ದಳು. ಆ ಊರಿನಲ್ಲಿ ಅವಳಿಗೆ ಹೊಲವಿರಲಿಲ್ಲ, ಬಳಗವೂ ಹೆಚ್ಚಿರಲಿಲ್ಲ. ಇದ್ದ ಮರ್ಯಾದೆಯೆಲ್ಲ ಆ ಬೀಗದ ಕೈಯಲ್ಲೇ ಇತ್ತು, ಅದು ನನ್ನಂಥ ಮಗುವಿಗೂ ಕಾಣುತ್ತಿತ್ತು.

ಒಂದು ದಿನ ಒಡೆತ್‌ಳ ಮೊಣಕಾಲು ಊದಿಕೊಂಡು ಅವಳು ಮಂಚ ಬಿಟ್ಟು ಏಳಲಾಗಲಿಲ್ಲ. ನನ್ನನ್ನು ಕರೆದು ಬೀಗದ ಕೈಯನ್ನು ನನ್ನ ಎರಡೂ ಕೈಗಳಲ್ಲಿಟ್ಟಳು. ಯಾರಾದರೂ ಬಂದರೆ ಬಾಗಿಲು ತೆಗೆ, ಹೊಸ್ತಿಲಲ್ಲಿ ನಿಂತಿರು, ಯಾರೂ ಏನನ್ನೂ ಮುಟ್ಟಬಾರದು ಎಂದು ಸನ್ನೆಯಲ್ಲೂ, ನನಗೆ ಗೊತ್ತಿದ್ದ ನಾಲ್ಕು ಫ್ರೆಂಚ್ ಮಾತಿನಲ್ಲೂ ತಿಳಿಸಿದಳು. ನನಗೆ ಕೋಡು ಬಂದ ಹಾಗಾಯಿತು. ಪ್ರವಾಸಿಗಳು ಒಬ್ಬರೂ ಬರಲಿಲ್ಲ. ಅಪ್ಪ ಅಮ್ಮ ಪೇಟೆಗೆ ಹೋಗಿದ್ದರು. ಅಜ್ಜಿ ಕೈಚೀಲ ಹಿಡಿದು ಬಂದು, “ಬಾ ಮಗ, ಆ ತಾಯ್ನ ಒಂದ್ಗಳ್ಗೆ ನೋಡ್ಕಂಡ್ ಬರಾನ” ಅಂದಳು. ಹೋದೆವು. ಕಿಂಡಿಯ ಬೆಳಕಿನಲ್ಲಿ ಅಜ್ಜಿ ಮೂರ್ತಿಯ ಕೆನ್ನೆ ಮುಟ್ಟಿ ನೋಡಿ, “ಅಯ್ಯೋ ನನ್ನವ್ವ, ಯಣ್ಣೆ ಕಂಡು ಎಷ್ಟ್ ಕಾಲಾಯ್ತೊ, ಮೈಯೆಲ್ಲ ಬಿರ್ಕು ಬಿಟ್ಟದಲ್ಲ!” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಚೀಲದಿಂದ ಹರಳೆಣ್ಣೆಯ ಬಾಟಲಿ ತೆಗೆದಳು. ಗಂಟುಬಿದ್ದ ಬೆರಳಿಗೆ ಮುಚ್ಚಳ ಬಗ್ಗಲಿಲ್ಲ. ಅದನ್ನು ತಿರುಗಿಸಿ ತೆಗೆದುಕೊಟ್ಟವಳು ನಾನೇ. ಬಾಣಂತಿ ಮನೆಯಲ್ಲಿ ಕೂಸಿಗೆ ನೀವುವಂತೆ ನೆತ್ತಿಯಿಂದ ಪಾದದವರೆಗೂ ನೀವಿ, ಅರಿಸಿನ ಹಚ್ಚಿ, ಹಣೆಗೆ ಕುಂಕುಮವಿಟ್ಟು, ಅಜ್ಜಿ ಕೈಮುಗಿದಳು. ನಾನು ಬೇಡ ಅನ್ನಲಿಲ್ಲ, ನೋಡುತ್ತ ನಿಂತಿದ್ದೆ.

ಸುಣ್ಣಕಲ್ಲು ಎಣ್ಣೆಯನ್ನು ಕುಡಿದುಬಿಡುತ್ತದೆ, ಕುಡಿದರೆ ಬಿಡುವುದಿಲ್ಲ ಎಂದು ನನಗೆ ಗೊತ್ತಾದದ್ದು ಎರಡು ದಿನದ ಮೇಲೆ. ಪಂಚಾಯಿತಿ ಕಚೇರಿಯ ಒಬ್ಬ ಹಿರಿಯನೂ ಇಂಗ್ಲಿಷ್ ಬಲ್ಲ ಶಾಲೆಯ ಮೇಷ್ಟರೂ ಒಡೆತ್‌ಳ ಅಂಗಳಕ್ಕೆ ಬಂದರು. ಎಂಟುನೂರು ವರ್ಷದ ಮೂರ್ತಿ, ತಲೆಯಿಂದ ಕಾಲಿನವರೆಗೂ ಕಪ್ಪಗೆ ಕಲೆಯಾಗಿದೆ, ಕಿಂಡಿಯಲ್ಲಿ ಇಣುಕಿದವರು ನೋಡಿದ್ದಾರೆ, ಎಂದರು. ಒಡೆತ್ ಬೆಂಚಿನ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಅಮ್ಮ ಗಾಬರಿಯಾಗಿ ನನ್ನ ಹಿಂದೆ ನಿಂತಿದ್ದರು. ಮೇಷ್ಟರು ನನ್ನತ್ತ ಬಗ್ಗಿ, ಮೆತ್ತಗೇ ಕೇಳಿದರು, ಬಾಗಿಲು ಯಾರು ತೆಗೆದದ್ದು ಎಂದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತಲ್ಲ, ಹಾಗೆ ನಾನು ಎಣ್ಣೆ ಮುಟ್ಟಿದ ಕೈಯನ್ನು ಬೆನ್ನ ಹಿಂದೆ ಸರಿಸಿದೆ. ಆಮೇಲೆ ಹೇಳಿದೆ, “ಮದಾಮ್ ನಮ್ಮ ಜೊತೆ ಬಂದಿದ್ದಳು. ಹಚ್ಚಿ ಅಂದಳು.” ಮೇಷ್ಟರು ಅದನ್ನು ಫ್ರೆಂಚಿನಲ್ಲಿ ಒಡೆತ್‌ಳಿಗೆ ಹೇಳಿದರು. ಅವಳ ಬೆರಳು ನಿಂತಿತು. ನನ್ನನ್ನು ನೋಡಿದಳು. ಒಳಗೆ ಕಿಟಕಿಯಲ್ಲಿ ಒಗ್ಗರಣೆ ಹಾಕುತ್ತ ತನಗೆ ಬೇಕಾದ ಹಾಡು ಗುನುಗುತ್ತಿದ್ದ ಅಜ್ಜಿಯನ್ನು ನೋಡಿದಳು. “ಹೌದು, ನಾನೇ ಹೇಳಿದ್ದು” ಅಂದಳು. ಎದ್ದು, ಕುಂಟುತ್ತ ಒಳಗೆ ಹೋಗಿ, ಬೀಗದ ಕೈ ತಂದು ಆ ಹಿರಿಯನ ಕೈಯಲ್ಲಿಟ್ಟಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಆ ಬರೆ ಎಳೆಸಿದವಳು ನಾನು. ಅವರಿಬ್ಬರೂ ಟೋಪಿ ಮುಟ್ಟಿ ನಮಸ್ಕರಿಸಿ ಹೊರಟುಹೋದರು.

ಸಂಜೆ ಮನೆಗೆ ಬಂದ ಅಪ್ಪ ವಿಷಯ ಕೇಳಿ, “ಅವ್ವಂಗೆ ಮಾತ್ರ ಹೇಳ್ಬೇಡಿ, ನೊಂದ್ಕೋತಾಳೆ” ಅಂದರು. ಅಜ್ಜಿಗೆ ಯಾರೂ ಹೇಳಲಿಲ್ಲ. ಉಳಿದ ಎರಡು ವಾರವೂ ಒಡೆತ್ ನಮ್ಮನ್ನು ಮೊದಲಿನ ಹಾಗೆಯೇ ತಿರುಗಾಡಿಸಿದಳು, ಬೆಟ್ಟದ ದಾರಿಯೊಂದನ್ನು ಬಿಟ್ಟು. “ಯಾಕವ್ವ, ಔಳು ಬೀಗದ್ ಕೈ ತರ್ನಿಲ್ವಲ್ಲ ಇವತ್ತೂವೆ?” ಎಂದು ಅಜ್ಜಿ ಕೇಳಿದರೆ ನಾನು “ಐ ಡೋಂಟ್ ನೋ” ಎಂದು ಮುಂದೆ ಓಡುತ್ತಿದ್ದೆ. ಹೊರಡುವ ದಿನ ಒಡೆತ್ ನನಗೂ ಎರಡು ಕೆನ್ನೆಗೆ ಮುತ್ತಿಟ್ಟಳು, ಅಜ್ಜಿಗೆ ಇಟ್ಟಷ್ಟೇ ಗಟ್ಟಿಯಾಗಿ. ಬೈದಿದ್ದರೆ, ಒಂದು ಏಟು ಹಾಕಿದ್ದರೆ ಚೆನ್ನಾಗಿತ್ತು. ಈಸ್ಟ್‌ಗೇಟಿನಲ್ಲಿ ಆಮೇಲೆ ಮನೆಗೆ ಬಂದವರಿಗೆಲ್ಲ ಉಪ್ಪಿಟ್ಟಾದಮೇಲೆ ಅಪ್ಪನ ಸ್ಲೈಡ್ ಇರುತ್ತಿತ್ತು. ಗೋಡೆಯ ಮೇಲೆ ಬೆಟ್ಟದ ಗುಡಿ ಮೂಡಿದ ಕೂಡಲೇ ಅಜ್ಜಿ ಕತ್ತಲಲ್ಲೇ ಎದ್ದು ನಿಂತು, “ಆ ತಾಯ್ಗೆ ನಾನೇ ಕಣ್ರಪ್ಪಾ ಯಣ್ಣೆ ನೀರಾಕಿದ್ದು” ಎನ್ನುವಳು. ಎಲ್ಲರೂ ನಗುವರು. ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದೆ. ಹೈಸ್ಕೂಲಿನಲ್ಲಿ ಎಲ್ಲರೂ ಸ್ಪ್ಯಾನಿಷ್ ತೆಗೆದುಕೊಂಡಾಗ ನಾನು ಫ್ರೆಂಚ್ ತೆಗೆದುಕೊಂಡೆ, ಒಂದು ಪತ್ರ ಬರೆಯಬೇಕೆಂದು. ಬರೆಯಲಿಲ್ಲ. ಅಜ್ಜಿ ಹೋದಳು, ಅಪ್ಪ ಹೋದರು, ಮನೆ ಮಾರಿದೆವು. ನಾಳೆ ಬರೆದರಾಯಿತು ಎನ್ನುತ್ತ ಮನುಷ್ಯ ಎಷ್ಟು ವರ್ಷ ಕಳೆಯಬಲ್ಲ ಎನ್ನುವುದು ನಿಮಗೂ ಗೊತ್ತಿರಬೇಕು.

ಎಣ್ಣೆ ಹಚ್ಚಿದ ಮರುದಿನ ಅನಘಳನ್ನು ಶಾಲೆಗೆ ಬಿಟ್ಟು, ಫ್ರೀಮಾಂಟಿನ ಆಫೀಸಿಗೆ ಹೋಗಬೇಕಾದವಳು ಈಸ್ಟ್‌ಗೇಟಿನ ಹಳೆಯ ಬೀದಿಗೆ ಕಾರು ತಿರುಗಿಸಿದೆ. ನಮ್ಮ ಮನೆ ಇದ್ದ ಜಾಗದಲ್ಲಿ ಬೇಲಿಯವರೆಗೂ ಚಾಚಿಕೊಂಡ ಬೂದುಬಣ್ಣದ ಎರಡಂತಸ್ತಿನ ಮನೆ ಎದ್ದಿದೆ. ಎದುರಿಗೆ ನಿಲ್ಲಿಸಿ, ಧೈರ್ಯ ಇಳಿಯುವ ಮೊದಲೇ ಒಡೆತ್‌ಳ ಊರಿನ ಪಂಚಾಯಿತಿ ಕಚೇರಿಗೆ ಫೋನ್ ಮಾಡಿದೆ. ಇಲ್ಲಿ ಬೆಳಿಗ್ಗೆ ಎಂಟು ಹೊಡೆಯಲು ಹತ್ತು ನಿಮಿಷವಿತ್ತು, ಅಲ್ಲಿ ಒಂಬತ್ತು ಗಂಟೆ ಮುಂದೆ, ಸಂಜೆ. ಹೆಂಗಸೊಬ್ಬಳು ಎತ್ತಿಕೊಂಡಳು. ಬೆಟ್ಟದ ಗುಡಿಯ ಬೀಗದ ಕೈ ಈಗ ಯಾರ ಹತ್ತಿರ ಇರುತ್ತದೆ ಎಂದು ಕೇಳಿದೆ. “ಈಗ ನಂಬರ್ ಒತ್ತುವ ಬೀಗ, ಮದಾಮ್. ಮುಂಚೆ ನಮ್ಮ ಚಿಕ್ಕಮ್ಮನ ಹತ್ತಿರ ಇತ್ತು. ಒಡೆತ್ ಅಂತ. ತೀರಿಕೊಂಡು ಹನ್ನೆರಡು ವರ್ಷವಾಯಿತು” ಅಂದಳು. ಕೊನೆಗೂ ಅವಳಿಗೆ ಬೀಗದ ಕೈ ವಾಪಸು ಕೊಟ್ಟರಾ ಎಂದೆ. ಇಲ್ಲ, ಅವಳೂ ಕೇಳಲಿಲ್ಲ ಎಂದಳು. ಆಗ ಎಲ್ಲ ಹೇಳಿಬಿಟ್ಟೆ. ನಾನು ಯಾರು, ಅಜ್ಜಿ ಯಾರು, ಬಾಗಿಲು ತೆಗೆದದ್ದು ಯಾರು, ಅಂಗಳದಲ್ಲಿ ನಿಂತು ಏನು ಸುಳ್ಳು ಹೇಳಿದೆ, ಒಂದೂ ಬಿಡದೆ.

ಅವಳು, “ಇಲ್ಲ ಮದಾಮ್, ನಿಮಗೆ ತಪ್ಪು ನೆನಪು. ಒಪ್ಪಿಗೆ ಕೊಟ್ಟಿದ್ದು ಚಿಕ್ಕಮ್ಮನೇ. ಊರಿಗೆಲ್ಲ ಅವಳೇ ಹೇಳುತ್ತಿದ್ದಳು. ಆ ಇಂಡಿಯಾದ ಮುದುಕಿ ನನ್ನ ಕೈ ಹಿಡಿದು ಅಷ್ಟು ಚೆನ್ನಾಗಿ ಕೇಳಿಕೊಂಡಳು, ಹೇಗೆ ಬೇಡ ಅನ್ನಲಿ ಅಂತ” ಅಂದಳು.

“ಅಜ್ಜಿ ಕೇಳಲೇ ಇಲ್ಲ. ಒಡೆತ್ ಆ ದಿನ ಬೆಟ್ಟ ಹತ್ತಲೇ ಇಲ್ಲ, ಅವಳ ಮೊಣಕಾಲು ಊದಿತ್ತು.”

“ನಮ್ಮ ಚಿಕ್ಕಮ್ಮನೇ? ಅವಳು ತೆವಳಿಕೊಂಡಾದರೂ ಹೋಗುವವಳು” ಎಂದು ಆಕೆ ಪ್ರೀತಿಯಿಂದ ನಕ್ಕಳು. “ನೀವಾಗ ಚಿಕ್ಕವರು ಮದಾಮ್. ಮಕ್ಕಳಿಗೆ ಎಲ್ಲ ತಮ್ಮಿಂದಲೇ ಆಯಿತು ಅನ್ನಿಸುತ್ತೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.” ಐದಾಯಿತು, ಕಚೇರಿ ಮುಚ್ಚಬೇಕು ಎಂದು ಒಳ್ಳೆಯ ಮಾತಿನಲ್ಲೇ ಹೇಳಿ ಫೋನಿಟ್ಟಳು.

ಅಷ್ಟು ವರ್ಷ, ನನ್ನ ಸುಳ್ಳು ಸುಳ್ಳೆಂದು ಯಾರಿಗೂ ತಿಳಿಯದಿರಲೆಂದು, ಒಡೆತ್ ಅದಕ್ಕೆ ಅಜ್ಜಿಯ ಕೈಯನ್ನೂ, ಅಜ್ಜಿಯ ಬೇಡಿಕೆಯನ್ನೂ ಸೇರಿಸಿ ಹೇಳುತ್ತ ಬಂದಿದ್ದಳು. ಈಗ ಅಲ್ಲಿ ಅದೇ ನಿಜ. ನಾನು ತಪ್ಪಾಯಿತು ಎಂದರೂ ಆ ಊರಿನಲ್ಲಿ ನಂಬುವವರು ಒಬ್ಬರೂ ಇಲ್ಲ, ಕ್ಷಮಿಸಬೇಕಾಗಿದ್ದವಳು ಮಣ್ಣಿನಲ್ಲಿದ್ದಾಳೆ. ಕಾರಿನಲ್ಲಿ ಕೂತು ಅತ್ತೆ. ಬೂದು ಮನೆಯಿಂದ ಹೊರಗೆ ಬಂದ ಗಂಡಸೊಬ್ಬ ಕಿಟಕಿಯ ಹತ್ತಿರ ಬಗ್ಗಿ, ಯಾರು ಬೇಕಾಗಿತ್ತು ಎಂದು ಕೇಳಿದ. ಯಾರೂ ಇಲ್ಲ ಎಂದೆ.