ಸಿದ್ದಾಪುರದ ಟೊಮ್ಯಾಟೊ ಬೀಜ

ಆವತ್ತು ಬೆಳಿಗ್ಗೆ ತಾರಸಿಗೆ ಹೋದ ದಾಕ್ಷಾಯಿಣಿ ಮೊದಲು ಮಾಡಿದ ಕೆಲಸ ಅಂದ್ರೆ ಟೊಮ್ಯಾಟೊ ಕಾಯಿಗಳ ತಳ ತಿರುಗಿಸಿ ನೋಡಿದ್ದು. ಹಿಂದಿನ ವಾರ ಎರಡು ಕಾಯಿಯ ತಳ ಕಪ್ಪಾಗಿತ್ತು. ಈಗ ಹನ್ನೊಂದು. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ತೊಟ್ಟಿನ ಕಡೆ ಹಸಿರಾಗಿ, ನುಣುಪಾಗಿ, ಗಟ್ಟಿಯಾಗಿತ್ತು. ತಿರುಗಿಸಿದರೆ ಮಾತ್ರ, ಹೂ ಉದುರಿದ ಜಾಗದಲ್ಲಿ ರೂಪಾಯಿ ಅಗಲದ ಕಪ್ಪು ಕಲೆ, ಹಳೇ ಚಪ್ಪಲಿಯ ತೊಗಲಿನ ಹಾಗೆ ಒಣಗಿ ಒಳಕ್ಕೆ ಕುಸಿದಿತ್ತು.

ಅವಳಿಗೆ ನಲವತ್ತಾರು ವರ್ಷ. ಗಂಡ ವೀರೇಶ್ ಚಳ್ಳಕೆರೆ ಪೇಟೆಯಲ್ಲಿ ಶೇಂಗಾ ಎಣ್ಣೆ, ಹಿಂಡಿಯ ಅಂಗಡಿ ಇಟ್ಟಿದ್ದ. ಅಂಗಡಿಯಲ್ಲಿ ಖಾಲಿಯಾದ ಎಣ್ಣೆ ಡಬ್ಬಗಳ ಬಾಯಿ ಕೊಯ್ಯಿಸಿ, ತಳಕ್ಕೆ ಮೊಳೆಯಿಂದ ತೂತು ಹೊಡೆದು, ಕೆಂಪು ಮಣ್ಣು, ಸಗಣಿ ಗೊಬ್ಬರ ತುಂಬಿ ತಾರಸಿಯ ಮೇಲೆ ಸಾಲಾಗಿ ಇಟ್ಟುಕೊಂಡಿದ್ದಳು. ಮನೆಯಲ್ಲಿ ಅವರಿಬ್ಬರಲ್ಲದೆ ವೀರೇಶನ ತಾಯಿ ತಿಪ್ಪೇರುದ್ರಮ್ಮ. ವಯಸ್ಸು ಎಪ್ಪತ್ತು ದಾಟಿ, ಕಣ್ಣು ಮಂಜಾಗಿದ್ದರೂ ಒಲೆ ಮುಂದಿನ ಅಧಿಕಾರ ಬಿಟ್ಟುಕೊಟ್ಟಿರಲಿಲ್ಲ.

ದಾಕ್ಷಾಯಿಣಿಗೆ ಒಂದು ಸ್ವಭಾವ ಇತ್ತು. ಏನೇ ಕೆಟ್ಟರೂ ಬಾಯಲ್ಲಿ ಬರುತ್ತಿದ್ದದ್ದು 'ಚೆನ್ನಾಗೈತೆ' ಅನ್ನೋ ಮಾತು. ಮದುವೆಯಾದ ಹೊಸದರಲ್ಲಿ ತವರಿನಿಂದ ಫೋನು ಬಂದಾಗ ಜ್ವರದಲ್ಲಿ ಮಲಗಿದ್ದರೂ ಚೆನ್ನಾಗಿದೀನಿ ಅಂದವಳು ಅವಳು. ಯಾರಿಗೂ ತೊಂದರೆ ಕೊಡಬಾರದು ಅಂತ ಕಲಿತ ಮಾತು, ಆಮೇಲೆ ಬಿಡಲಾಗಲಿಲ್ಲ.

ಈ ಎಂಟು ಗಿಡದ ಬೀಜಕ್ಕಾಗಿ ಅವಳು ಪಟ್ಟ ಪಾಡು ಸಣ್ಣದಲ್ಲ. ಮೊದಲ ವರ್ಷ ಸಂತೆಯ ಹಣ್ಣನ್ನೇ ಹಿಂಡಿ ಬೀಜ ಹಾಕಿದ್ದಳು. ಗಿಡ ಬಂತು, ಆದರೆ ಒಂದೊಂದು ಗಿಡದಲ್ಲಿ ಒಂದೊಂದು ಥರದ ಕಾಯಿ. ಎರಡನೇ ವರ್ಷ ಅಂಗಡಿಯ ಪೊಟ್ಟಣ ತಂದಳು. ಕಾಯಿ ಚೆಂಡಿನ ಹಾಗೆ ಬಂದವು, ಸಾರಿಗೆ ಹಾಕಿದರೆ ಹುಳಿಯಿಲ್ಲ. ಆ ಹಣ್ಣಿನ ಬೀಜ ಹಿಡಿದು ಮತ್ತೆ ಹಾಕಿದರೆ ಅದೂ ಕುಲಗೆಟ್ಟಿತು. ಫೋನಿನಲ್ಲಿ ನೋಡಿ ತರಿಸಿದ ಬೀಜ ಮೊಳಕೆಯೇ ಬರಲಿಲ್ಲ. ಕೊನೆಗೆ ನೆಂಟರ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಸಿದ್ದಾಪುರಕ್ಕೆ ಹೋದಾಗ ಊಟಕ್ಕೆ ಕೂತವಳು ಸಾರು ಬಾಯಿಗಿಟ್ಟ ಕೂಡಲೇ ಕೈ ನಿಲ್ಲಿಸಿದಳು. ಇದು ಯಾವ ಹಣ್ಣು ಅಂತ ಕೇಳಿದ್ದಕ್ಕೆ, ಹಿಂದಿನ ಬೀದಿಯ ಸೂರಮ್ಮನ ಹಿತ್ತಲದ್ದು ಅಂದರು.

ಸೂರಮ್ಮ ಅರವತ್ತೈದರ ಹೆಂಗಸು. ಗುಡ್ಡದ ಬುಡದಲ್ಲಿ ಮನೆ, ಎರಡು ಮಡಿಯಷ್ಟು ಹಿತ್ತಲು. ಬೀಜ ಕೇಳಿದಾಗ ಬಹಳ ಹೊತ್ತು ದಾಕ್ಷಾಯಿಣಿಯ ಮುಖ ನೋಡಿದಳು. ಆಮೇಲೆ ತೊಲೆಗೆ ನೇತುಹಾಕಿದ್ದ ಬಿಳಿ ಬಟ್ಟೆ ಇಳಿಸಿ, ಅದಕ್ಕೆ ಅಂಟಿ ಒಣಗಿದ್ದ ಬೀಜದಲ್ಲಿ ಒಂದು ಚಿಟಿಕೆ ಕೆರೆದು ಕಾಗದಕ್ಕೆ ಹಾಕಿದಳು. ಅವಳ ಅತ್ತೆ ಕಾಲದ ಬೀಜವಂತೆ. ದುಡ್ಡು ಬೇಡ, ಆದರೆ ಬೀಜ ತಗೊಂಡ ಮನೆಯಿಂದ ಬೀಜ ವಾಪಸ್ ಬರಬೇಕು ಅನ್ನೋದು ಅವಳ ಕರಾರು.

ಅದು ಬರೀ ಮಾತಿನ ಕರಾರಾಗಿ ಉಳಿಯಲಿಲ್ಲ. ಫೆಬ್ರವರಿಯಲ್ಲಿ ಸೂರಮ್ಮನ ಮಗ ಯರ್ರಪ್ಪ ಫೋನು ಮಾಡಿದ. ತೊಲೆಯ ಮೇಲಿನ ಬಟ್ಟೆಗೆ ಇಲಿ ಬಿದ್ದು ಒಂದು ಬೀಜವೂ ಉಳಿದಿಲ್ಲ, ಹಿತ್ತಲ ಗಿಡ ಹಿಂದೆಯೇ ಕಿತ್ತಾಗಿತ್ತು, ಈಗ ಇರೋದು ನಿಮ್ಮ ಹತ್ತಿರ ಮಾತ್ರ ಅಂದ. ರೋಹಿಣಿ ಮಳೆಗೆ ಮುಂಚೆ ಬೀಜ ಕೈಗೆ ಸಿಗಬೇಕು. ಆಗ ದಾಕ್ಷಾಯಿಣಿಯ ಗಿಡಗಳು ಮೊಣಕಾಲೆತ್ತರ ಇದ್ದವು. ಖುಷಿಯಿಂದಲೇ ಒಪ್ಪಿಕೊಂಡಿದ್ದಳು.

ಈಗ ಏಪ್ರಿಲ್ ಮೊದಲ ವಾರ, ಹನ್ನೊಂದು ಕಾಯಿ ಕಪ್ಪು.

ಗೊಬ್ಬರದ ಅಂಗಡಿಯವನು ಫೋಟೊ ನೋಡಿ ರೋಗ ಅಂದ, ಒಂದು ಔಷಧಿ ಕೊಟ್ಟ, ಗಿಡಕ್ಕೆ ಶಕ್ತಿ ಬರಲಿ ಅಂತ ಯೂರಿಯಾನೂ ಕೊಟ್ಟ. ಹೊಡೆದಳು, ಹಾಕಿದಳು. ಎಲೆ ಕಡು ಹಸಿರಾಗಿ ಸೊಕ್ಕಿದವು. ಕಾಯಿ ಮಾತ್ರ ಮೊದಲಿಗಿಂತ ಬೇಗ ಕಪ್ಪಾಗತೊಡಗಿದವು. ಪಕ್ಕದ ಮನೆಯ ಗೀತಮ್ಮ ಗೋಡೆ ಆಚೆಯಿಂದ ನೋಡಿ, ನಮ್ಮ ಮೆಣಸಿನ ಗಿಡಕ್ಕೆ ಹತ್ತೋಕೆ ಮುಂಚೆ ಕಿತ್ತುಹಾಕಿ ಅಂದಳು. ಒಂದು ಸಲ ಅಂದವಳು ಮಾರನೇ ದಿನ ಮತ್ತೆ ಅಂದಳು, ಮೂರನೇ ದಿನ ಅಂದಾಗ ದನಿ ಗಡುಸಾಗಿತ್ತು.

ಅದೇ ಸಂಜೆ ಯರ್ರಪ್ಪನ ಫೋನು ಬಂತು. ಗಿಡ ಹೆಂಗವೆ ಅಂತ ಕೇಳಿದ.

"ಚೆನ್ನಾಗವೆ," ಅಂದಳು ದಾಕ್ಷಾಯಿಣಿ.

ಹಾಗಾದರೆ ಒಳ್ಳೇದಾಯ್ತು, ಅವ್ವ ನಾಡಿದ್ದು ಕಣ್ಣು ತೋರಿಸೋಕೆ ಚಳ್ಳಕೆರೆಗೆ ಬರ್ತಾಳೆ, ಹಂಗೇ ಗಿಡ ನೋಡ್ಕೊಂಡು ಹೋಗ್ತಾಳಂತೆ ಅಂದ. ಫೋನು ಇಟ್ಟ ಮೇಲೆ ದಾಕ್ಷಾಯಿಣಿಗೆ ಊಟ ಸೇರಲಿಲ್ಲ. ವೀರೇಶ್ ಏನಾಯಿತು ಅಂತ ಕೇಳಿ, ತಿಳಿದ ಮೇಲೆ, ಒಂದು ಪೊಟ್ಟಣ ಬೀಜಕ್ಕೆ ಇಷ್ಟು ಯಾಕೆ, ಅಂಗಡಿಯಿಂದ ಬೇರೆ ತಂದು ಕೊಟ್ಟರೆ ಆ ಮುದುಕಿಗೆ ಗೊತ್ತಾಗುತ್ತಾ ಅಂದ. ಅವನು ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ. ಆದರೆ ಆ ಮಾತು ಕೇಳಿದಾಗ ಅವಳಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು, ಯಾಕಂದರೆ ಅರೆಗಳಿಗೆ ಅವಳಿಗೂ ಅದೇ ಯೋಚನೆ ಬಂದಿತ್ತು.

ಮಾರನೇ ದಿನ ಬೆಳಿಗ್ಗೆ ಮೂರು ಕಪ್ಪು ಕಾಯಿ ಕಿತ್ತು ಸ್ಟೀಲ್ ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತಿದಳು. ಸೂರಮ್ಮ ಬಂದು ನೋಡೋದಕ್ಕಿಂತ ತಾನೇ ಹೋಗಿ ಹೇಳೋದು ಮೇಲು ಅನ್ನಿಸಿತ್ತು. ಬಿ.ಜಿ. ಕೆರೆ ದಾಟೋ ಹೊತ್ತಿಗೆ ಇಳಿದು ವಾಪಸ್ ಹೋಗಿಬಿಡೋಣ ಅಂತ ಎರಡು ಸಲ ಎದ್ದಳು. ಮೊಳಕಾಲ್ಮುರಿನಲ್ಲಿ ಬಸ್ಸು ಬದಲಿಸಿದಳು. ಸಿದ್ದಾಪುರದಲ್ಲಿ ಇಳಿದಾಗ ಬಂಡೆಗಳಿಂದ ಆಗಲೇ ಝಳ ಹೊಡೆಯುತ್ತಿತ್ತು.

ಸೂರಮ್ಮ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ದಾಕ್ಷಾಯಿಣಿ ಡಬ್ಬಿ ತೆಗೆದು ಮುಂದಿಟ್ಟು, ನಿನ್ನೆ ಯರ್ರಪ್ಪನಿಗೆ ಹೇಳಿದ್ದು ಸುಳ್ಳು ಅಂದಳು. ಸೂರಮ್ಮ ಒಂದು ಕಾಯಿ ತೆಗೆದು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದಳು. ಹಂಗೇ ಕೆಳಗಿಟ್ಟು ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು. ದಾಕ್ಷಾಯಿಣಿಗೆ ನಿಲ್ಲೋದೋ ಕೂರೋದೋ ತಿಳಿಯಲಿಲ್ಲ.

"ಕಾಯಿ ಕೆಟ್ಟಿದ್ದಕ್ಕೆ ನಂಗೆ ಸಿಟ್ಟಿಲ್ಲ," ಅಂದಳು ಸೂರಮ್ಮ ಕೊನೆಗೆ. "ನನ್ನ ಮಗನ ಮಾತು ನಂಬಿ ನಾನು ಗಿಡ ನೋಡೋಕೆ ಬರದೆ ಇನ್ನೊಂದು ತಿಂಗಳು ಸುಮ್ನೆ ಕೂತಿದ್ರೆ? ಬೀಜದ ವಿಷಯದಾಗೆ ಸುಳ್ಳು ಹೇಳಬಾರ್ದು ಕಣವ್ವ."

ತಪ್ಪಾಯಿತು ಅಂತ ದಾಕ್ಷಾಯಿಣಿ ಅಂದಳು. ಸೂರಮ್ಮ ಒಳಗಿಂದ ಚಾಕು ತಂದು ಕಾಯಿ ಸೀಳಿದಳು. ಮೂಸಿ ನೋಡಿದಳು. ಹುಳ ಇಲ್ಲ, ನಾರುತ್ತಿಲ್ಲ, ಕಪ್ಪು ಬಿಟ್ಟು ಮೇಲಿನ ಭಾಗವೆಲ್ಲ ಚೊಕ್ಕಟ. ಹತ್ತುವ ರೋಗವಾದರೆ ಹಿಂಗಿರಲ್ಲ ಅಂತ ತನಗೆ ತಾನೇ ಹೇಳಿಕೊಂಡಳು. ಆಮೇಲೆ, ಬಹಳ ವರ್ಷದ ಹಿಂದೆ ಒಂದು ಬೇಸಿಗೆ ಪಕ್ಕದ ತೋಟದ ಮೋಟಾರು ಸುಟ್ಟು ನೀರು ನಿಂತು ನಿಂತು ಬಂದಾಗ ತನ್ನ ಹಿತ್ತಲಲ್ಲೂ ಇಂಥ ಕಾಯಿ ನೋಡಿದ ನೆನಪಿದೆ ಅಂದಳು. ಎಂಟು ಗಿಡದಲ್ಲೂ ಹಿಂಗೇನಾ ಅಂತ ಕೇಳಿದಳು.

"ಒಂದರಲ್ಲಿ ಇಲ್ಲ. ನೀರಿನ ಟ್ಯಾಂಕಿನ ಪಕ್ಕದ್ದು."

"ಅದ್ಯಾಕೆ ಅದೊಂದಕ್ಕಿಲ್ಲ?"

ದಾಕ್ಷಾಯಿಣಿಗೆ ಆಗ ಹೊಳೆಯಿತು. ಟ್ಯಾಂಕಿನ ಪೈಪಿನ ಜಾಯಿಂಟು ಸೋರುತ್ತಿತ್ತು. ಹಗಲೂ ರಾತ್ರಿ ಒಂದೊಂದೇ ಹನಿ ಆ ಡಬ್ಬದ ಮಣ್ಣಿಗೆ ಬೀಳುತ್ತಿತ್ತು. ಉಳಿದ ಏಳಕ್ಕೆ ಅವಳು ನಲ್ಲಿ ನೀರು ಬಂದ ದಿನ ಡಬ್ಬ ತುಂಬಿ ಹರಿಯುವಂತೆ ಹಾಕುತ್ತಿದ್ದಳು. ನಲ್ಲಿ ಬರೋದು ನಾಲ್ಕೈದು ದಿನಕ್ಕೊಮ್ಮೆ. ನಡುವಿನ ದಿನ ತಗಡು ಕಾದು ಮಣ್ಣು ಡಬ್ಬದ ಅಂಚು ಬಿಟ್ಟು ಬಿರಿಯುತ್ತಿತ್ತು.

ಅದನ್ನೆಲ್ಲ ಹೇಳಿದಾಗ ಸೂರಮ್ಮ, "ನಾಕು ದಿನ ಉಪಾಸ ಕೆಡವಿ ಐದನೇ ದಿನ ಹೋಳಿಗೆ ಊಟ ಹಾಕಿದ್ರೆ ಕೂಸಿಗೆ ಹೊಟ್ಟೆ ಹೆಂಗಾಗ್ತೈತೆ?" ಅಂದಳು. ನಗಲಿಲ್ಲ. ಆ ಒಂದು ಗಿಡದಲ್ಲಿ ಎಷ್ಟು ಕಾಯಿ ಅಂತ ಕೇಳಿದಳು. ಐದು. ಅವನ್ನು ಗಿಡದಲ್ಲೇ ಪೂರ್ತಿ ಹಣ್ಣಾಗಲು ಬಿಡು, ಯಾರೂ ತಿನ್ನಬಾರದು, ನಾಳೆ ನಾನು ಬರಲ್ಲ, ಬೀಜ ಆದ ಮೇಲೆ ಬರ್ತೀನಿ ಅಂದಳು. ಕುಡಿಯೋಕೆ ಮಜ್ಜಿಗೆ ಕೊಟ್ಟಳು. ಬಸ್ಸಿನವರೆಗೆ ಬರಲಿಲ್ಲ.

ಮನೆಗೆ ಬಂದ ದಾಕ್ಷಾಯಿಣಿ ಕಪ್ಪಾದ ಕಾಯಿಗಳನ್ನೆಲ್ಲ ಕಿತ್ತಳು. ಯೂರಿಯಾ ಚೀಲ ವಾಪಸ್ ಕಳಿಸಿದಳು. ಎಣ್ಣೆ ಮಿಲ್ಲಿನಿಂದ ಒಂದು ಮೂಟೆ ಶೇಂಗಾ ಸಿಪ್ಪೆ ತರಿಸಿ ಪ್ರತಿ ಡಬ್ಬದ ಮಣ್ಣಿನ ಮೇಲೆ ನಾಲ್ಕು ಬೆರಳು ದಪ್ಪ ಹರಡಿದಳು. ಡಬ್ಬಗಳಿಗೆ ಗೋಣಿಚೀಲ ಸುತ್ತಿ, ಮಧ್ಯಾಹ್ನದ ಬಿಸಿಲಿಗೆ ಹಳೇ ಸೀರೆ ಅಡ್ಡ ಕಟ್ಟಿದಳು. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಗೀತಮ್ಮನಿಗೆ ಇದು ರೋಗ ಅಲ್ಲ, ನೀರಿನ ಏರುಪೇರು, ಸುಣ್ಣದ ಸತ್ವ ಕಾಯಿಯ ತುದಿಗೆ ತಲುಪದೆ ಹೀಗಾಗುತ್ತೆ ಅಂತ ಹೇಳಿದಳು. ಆ ಸುಣ್ಣದ ವಿಷಯವನ್ನು ತೋಟಗಾರಿಕೆ ಓದಿದ್ದ ಸೋದರಳಿಯನಿಗೆ ಫೋನು ಮಾಡಿ ತಿಳಿದುಕೊಂಡಿದ್ದಳು. ಮಣ್ಣಿನಲ್ಲಿ ಸುಣ್ಣ ಇದ್ದೇ ಇರುತ್ತೆ ಅತ್ತೆ, ಹೊತ್ತುಕೊಂಡು ಹೋಗೋಕೆ ನೀರು ಬೇಕಲ್ಲ ಅಂದಿದ್ದ ಅವನು. ಗೀತಮ್ಮ ನಂಬಲಿಲ್ಲ. ತನ್ನ ಮೆಣಸಿನ ಗಿಡಗಳನ್ನು ತಾರಸಿಯ ಆ ತುದಿಗೆ ಎಳೆದುಕೊಂಡಳು.

ಏಪ್ರಿಲ್ ಕೊನೆಗೆ ನಲ್ಲಿ ನಿಂತಿತು. ಎಲ್ಲೋ ಪೈಪು ಒಡೆದಿದೆ ಅಂದರು. ಐದು ದಿನ, ಏಳು ದಿನ, ಒಂಬತ್ತು ದಿನ. ಟ್ಯಾಂಕು ತಳ ಕಂಡಿತು, ಜಾಯಿಂಟಿನ ಹನಿಯೂ ನಿಂತಿತು. ಮನೆಯಲ್ಲಿ ಕುಡಿಯೋಕೆ ಕ್ಯಾನ್ ತರಿಸುತ್ತಿದ್ದರು. ವೀರೇಶ್ ಸ್ನಾನಕ್ಕೆ ಅರ್ಧ ಬಕೆಟ್ ಇಟ್ಟುಕೊಂಡು, ಗಿಡಕ್ಕೆ ಮಾತ್ರ ಎರಡು ಹೊತ್ತು ನೀರು ಅಂತ ಗೊಣಗಿದ. ಅವಳು ಎದುರಾಡಲಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಕೈ ತೊಳೆದ ನೀರು ಎಲ್ಲ ಒಂದು ಬಕೆಟಿಗೆ ಹಿಡಿದು ಮೆಟ್ಟಿಲು ಹತ್ತಿದಳು. ಅದೂ ಸಾಲದಿದ್ದ ದಿನ ತನ್ನ ಸ್ನಾನ ಬಿಟ್ಟು ಆ ನೀರನ್ನೂ ಗಿಡಕ್ಕೆ ಹಾಕಿದಳು. ಬೆಳಿಗ್ಗೆ ಎದ್ದು ಕಾಯಿ ತಿರುಗಿಸೋಕೆ ಹೋದ ಕೈ ಹಿಂದೆಗೆಯುತ್ತಿತ್ತು. ಆ ಐದು ಕಾಯಿ ಕಪ್ಪಾಗಲಿಲ್ಲ. ಒಂದೊಂದಾಗಿ ಹಳದಿಗೆ, ಆಮೇಲೆ ಕೆಂಪಿಗೆ ತಿರುಗಿದವು. ಅಡ್ಡಡ್ಡ ಗೀರು ಬಿದ್ದ, ಚಪ್ಪಟೆ ಹಣ್ಣು.

ಹತ್ತನೇ ದಿನ ನೀರು ಬಂತು. ಅವಳು ಕೆಳಗೆ ಡ್ರಮ್ಮು ತುಂಬಿಸುತ್ತಿದ್ದಾಗ ತಿಪ್ಪೇರುದ್ರಮ್ಮ ಗೋಡೆ ಹಿಡಿದುಕೊಂಡು ತಾರಸಿ ಹತ್ತಿದ್ದರು. ದಾಕ್ಷಾಯಿಣಿ ಒಳಗೆ ಬಂದಾಗ ಒಲೆ ಮೇಲೆ ಸಾರು ಕುದಿಯುತ್ತಿತ್ತು. ವಾಸನೆಗೇ ಗೊತ್ತಾಯಿತು. ಸೌಟು ಹಾಕಿ ಎತ್ತಿದರೆ ಬೇಳೆಯ ನಡುವೆ ಬೀಜ ತೇಲುತ್ತಿದ್ದವು.

ಎಷ್ಟು ಕಿತ್ತಿರಿ ಅಂತ ಕೇಳಿದಳು.

"ಎರಡೇ ಕಣೆ. ಮೆತ್ತಗಾಗಿದ್ವು, ಕಾಗೆ ಪಾಲಾಗ್ತವೆ ಅಂತ ತಂದೆ. ಯಾಕೆ?"

ದಾಕ್ಷಾಯಿಣಿ ಮೆಟ್ಟಿಲು ಹತ್ತಿ ಓಡಿದಳು. ಮೂರು ಇದ್ದವು. ಅಲ್ಲೇ ಬಿಸಿ ನೆಲದ ಮೇಲೆ ಕೂತಳು. ಕೆಳಗೆ ಬಂದ ಮೇಲೆ ಅತ್ತೆಗೆ, ಏನೂ ಇಲ್ಲ ಅನ್ನಲಿಲ್ಲ. ಅವು ಬೀಜಕ್ಕೆ ಇಟ್ಟಿದ್ದವು, ನೀವು ಕೇಳದೆ ಕಿತ್ತಿದ್ದರಿಂದ ನನಗೆ ಬಹಳ ನೋವಾಗಿದೆ ಅಂತ ಎದುರಿಗೇ ಹೇಳಿದಳು. ಇಪ್ಪತ್ತೈದು ವರ್ಷದಲ್ಲಿ ಆ ಮನೆಯಲ್ಲಿ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. ತಿಪ್ಪೇರುದ್ರಮ್ಮ, ನಂಗೆ ಯಾರೂ ಹೇಳಿರಲಿಲ್ಲವಲ್ಲ ಅಂದರು. ಅದೂ ನಿಜವೇ ಆಗಿತ್ತು. ಇಬ್ಬರೂ ಊಟಕ್ಕೆ ಕೂತರು. ಸಾರು ಮಾತ್ರ ಸಿದ್ದಾಪುರದಲ್ಲಿ ಉಂಡ ಹಾಗೇ ಇತ್ತು.

ಉಳಿದ ಮೂರು ಹಣ್ಣನ್ನು ನಾಲ್ಕು ದಿನ ಬಿಟ್ಟು ಕಿತ್ತಳು. ತಿರುಳು ಗಾಜಿನ ಲೋಟಕ್ಕೆ ಹಿಂಡಿ ಎರಡು ದಿನ ಹುಳಿಯೋಕೆ ಇಟ್ಟು, ಮೇಲೆ ಕಟ್ಟಿದ ಪೊರೆ ಬಸಿದು, ತಳಕ್ಕೆ ಕೂತ ಬೀಜ ತೊಳೆದು ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿದಳು. ಒಣಗಿದ ಮೇಲೂ ಧೈರ್ಯ ಬರಲಿಲ್ಲ. ಹತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟಳು. ಮೂರನೇ ದಿನ ಬಿಚ್ಚಿದರೆ ಏನೂ ಇಲ್ಲ. ನಾಲ್ಕನೇ ದಿನವೂ ಇಲ್ಲ. ಐದನೇ ದಿನ ತಿಪ್ಪೇರುದ್ರಮ್ಮನೇ ಬಂದು ಬಟ್ಟೆ ಬಿಚ್ಚಿಸಿ, ಬೆರಳ ತುದಿಯಿಂದ ಸವರಿ, ಇಲ್ಲೇನೋ ಚುಚ್ಚುತ್ತೆ ನೋಡು ಅಂದರು. ಬಿಳಿ ಮೊಳಕೆ. ಏಳನೇ ದಿನದ ಹೊತ್ತಿಗೆ ಹತ್ತರಲ್ಲಿ ಎಂಟು ಒಡೆದಿದ್ದವು.

ಸೂರಮ್ಮ ಮೇ ಮೂರನೇ ವಾರ ಮಗನ ಜೊತೆ ಬಂದಳು. ಬೀಜದ ಪೊಟ್ಟಣ ಕೈಗೆ ಕೊಟ್ಟರೆ ಬಿಚ್ಚಲಿಲ್ಲ, ಮೊದಲು ಗಿಡ ತೋರಿಸು ಅಂದಳು. ತಾರಸಿಯಲ್ಲಿ ಒಂದೊಂದು ಡಬ್ಬದ ಮುಂದೆಯೂ ಕುಕ್ಕರಗಾಲಲ್ಲಿ ಕೂತು, ಸಿಪ್ಪೆಯೊಳಗೆ ಬೆರಳಿಳಿಸಿ ಮಣ್ಣಿನ ತಂಪು ನೋಡಿ, ಹೊಸ ಕಾಯಿಗಳ ತಳ ತಿರುಗಿಸಿದಳು. ಎರಡು ಗಿಡ ಬಿಸಿಲಿಗೆ ಹೂವೆಲ್ಲ ಉದುರಿಸಿಕೊಂಡು ಬರಿದಾಗಿದ್ದವು. ಆರರಲ್ಲಿ ಗೋಲಿ ಗಾತ್ರದ ಕಾಯಿ, ತಳವೆಲ್ಲ ಹಸಿರು. ಒಂದೇ ಒಂದು ಕಾಯಿಯಲ್ಲಿ ಸಣ್ಣ ಕಪ್ಪು ಚುಕ್ಕೆ ಕಂಡಿತು. ದಾಕ್ಷಾಯಿಣಿ ಅದನ್ನು ತಾನೇ ತೋರಿಸಿದಳು. ಸೂರಮ್ಮ ಅದನ್ನು ಚಿವುಟಿ ಎಸೆದಳು.

ಯರ್ರಪ್ಪ ಹೆಂಗೈತೆ ಅಂತ ಕೇಳಿದ್ದಕ್ಕೆ, "ಬಾಗುನ್ನಾಯಿ ರಾ," ಚೆನ್ನಾಗವೆ ಕಣೋ ಅಂತ ತೆಲುಗಿನಲ್ಲಿ ಅವನಿಗಷ್ಟೇ ಹೇಳಿದಳು.

ಕೆಳಗೆ ಬಂದು, ಪೊಟ್ಟಣ ಬಿಚ್ಚಿ, ಬೀಜವನ್ನು ತಟ್ಟೆಗೆ ಸುರಿದು ಬೆರಳಿನಿಂದ ಎರಡು ಪಾಲು ಮಾಡಿದಳು. ಒಂದು ಪಾಲು ಸೆರಗಿಗೆ ಕಟ್ಟಿಕೊಂಡಳು. ಇನ್ನೊಂದನ್ನು ದಾಕ್ಷಾಯಿಣಿಯ ಕಡೆ ತಳ್ಳಿ, ಒಂದೇ ಮನೆಯಲ್ಲಿ ಇಟ್ಟಿದ್ದು ನನ್ನ ತಪ್ಪು, ಇಲಿ ಎಲ್ಲರ ಮನೆಯಲ್ಲೂ ಐತೆ, ಗಾಜಿನ ಶೀಸೆಯಲ್ಲಿ ಇಡು ಅಂದಳು. ತಿಪ್ಪೇರುದ್ರಮ್ಮ ಅವಳಿಗೆ ಎಲೆ ಅಡಿಕೆ ಕೊಟ್ಟರು. ಆ ವರ್ಷ ರೋಹಿಣಿ ಮಳೆ ಹದವಾಗಿ ಬಿತ್ತು, ಸೂರಮ್ಮ ಮಡಿಗೆ ಬೀಜ ಚೆಲ್ಲಿದಳು. ಚಳ್ಳಕೆರೆಯಲ್ಲಿ ಗೀತಮ್ಮ ಒಂದು ದಿನ ಗೋಡೆ ಆಚೆಯಿಂದ, ನಿಮ್ಮ ಹತ್ತಿರ ಆ ಹುಳಿ ಟೊಮ್ಯಾಟೊ ಸಸಿ ಮಿಕ್ಕಿದ್ರೆ ಎರಡು ಕೊಡಿ ಅಂತ ಕೇಳಿದಳು. ದಾಕ್ಷಾಯಿಣಿ ಮೂರು ಕೊಟ್ಟಳು. ಜೊತೆಗೆ ಅರ್ಧ ಮೂಟೆ ಶೇಂಗಾ ಸಿಪ್ಪೆಯನ್ನೂ ಕೊಟ್ಟಳು.