ಮದಾಮ್ ಒಂದೇ ಸಲ ಕೇಳಿದರು

ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಫ್ರೆಂಚ್ ಮುದುಕಿ ಮದಾಮ್ ಮೇಲೆ ನನಗೆ ಇನ್ನೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಅನ್ನುವವರು ಅನ್ನಲಿ.

ನನ್ನವರು ಆಗ ಜರ್ಮನಿಯೂ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಸಾಫ್ಟ್‌ವೇರ್ ಕೆಲಸಕ್ಕೆ ಬಂದವರು. ನಾನು ಧಾರವಾಡದ ಕಾಲೇಜೊಂದರಲ್ಲಿ ನಾಲ್ಕು ವರ್ಷ ಇಂಗ್ಲಿಷ್ ಪಾಠ ಹೇಳಿ, ಅದನ್ನು ಬಿಟ್ಟು ಅವರ ಹಿಂದೆ ಬಂದವಳು. ವಿದೇಶಿಯರ ಕಚೇರಿಯಲ್ಲಿ ನನ್ನ ಪಾಸ್‌ಪೋರ್ಟಿಗೆ ‘ಕೆಲಸ ಮಾಡುವಂತಿಲ್ಲ’ ಎಂದು ಮುದ್ರೆ ಒತ್ತಿದರು. ಊರಿಗೆ ಫೋನ್ ಮಾಡಿದಾಗೆಲ್ಲ ಅವ್ವ ಕೇಳುವುದು ಒಂದೇ: “ದಿನಾ ಏನ್ ಮಾಡ್ತೀಯವಾ?” ಅಡಿಗೆ ಮಾಡ್ತೀನಿ ಅಂದು ಮಾತು ತಿರುಗಿಸುತ್ತಿದ್ದೆ.

ಮದಾಮ್ ಬಟ್ಟೆ ಒಗೆಯುವ ಕೋಣೆಯ ಕೀಲಿ ಕೇಳಲು ಮೇಲೆ ಬಂದವರು. ಮೇಜಿನ ಮೇಲಿದ್ದ ಕನ್ನಡ ಕಾದಂಬರಿ ನೋಡಿ ಅದರ ಕಥೆ ಕೇಳಿದರು. ನಮ್ಮ ಕಡೆಯ ಶಾಲಾ ಮಾಸ್ತರಿಣಿಯೊಬ್ಬರು ಬರೆದು, ಜನ ಮರೆತೇಬಿಟ್ಟ ಪುಸ್ತಕ ಅದು. ಹೇಳುತ್ತ ಹೋದೆ. ಅವರು ಎರಡು ತಾಸು ಕೂತರು, ಕೀಲಿ ಮರೆತು ಹೋದರು. ಮರುದಿನ ಬಂದು, “ಇದನ್ನು ಫ್ರೆಂಚಿಗೆ ತರೋಣ. ನೀನು ಹೇಳು, ನಾನು ಬರೆಯುತ್ತೇನೆ” ಎಂದರು.

ಅವರು ರೈನ್ ನದಿಯಾಚೆ, ಫ್ರಾನ್ಸಿನ ಊರಿನವರು. ಎರಡನೇ ಮಹಾಯುದ್ಧ ಮುಗಿದ ಕೆಲವೇ ವರ್ಷಕ್ಕೆ ಜರ್ಮನ್ ಗಂಡಸನ್ನು ಮದುವೆಯಾದರೆಂದು ತವರಿನವರು ಮಾತು ಬಿಟ್ಟಿದ್ದರಂತೆ. ಎರಡು ಕಾದಂಬರಿ ಬರೆದಿದ್ದರು. ಎರಡನ್ನೂ ಯಾರೂ ಓದಲಿಲ್ಲವೆಂದು ತಾವೇ ಹೇಳಿ ನಗುತ್ತಿದ್ದರು. ಹೊಟ್ಟೆಪಾಡಿಗೆ ಜರ್ಮನ್‌ನಿಂದ ಕಥೆಪುಸ್ತಕ, ಹೊಲಿಗೆ ಯಂತ್ರದ ಕೈಪಿಡಿ, ಸಿಕ್ಕಿದ್ದನ್ನೆಲ್ಲ ಅನುವಾದಿಸಿದ್ದರು.

ಮಂಗಳವಾರ, ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅವರ ಅಡಿಗೆಮನೆಯಲ್ಲಿ ಕೂರುತ್ತಿದ್ದೆವು. ನಾನು ಒಂದೊಂದೇ ವಾಕ್ಯವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಕು, ಅವರು ಪೆನ್ಸಿಲಿನಲ್ಲಿ ಬರೆದು ಅಳಿಸಬೇಕು. ಮುಸುರೆ ಎಂದರೇನೆಂದು ತಿಳಿಸಲು ಒಂದಿಡೀ ಮುಂಜಾನೆ ಹಿಡಿಯಿತು. ಅನ್ನದ ಪಾತ್ರೆ ತಂದು, ಯಾವುದು ಮುಟ್ಟಿದ ಮೇಲೆ ಕೈ ತೊಳೆಯಬೇಕು, ಯಾವುದಕ್ಕೆ ಬೇಡ ಎಂದು ನಟಿಸಿ ತೋರಿಸಿದೆ. ಕೊನೆಗೆ ಅವರು ಬರೆದ ಸಾಲಿನ ಅರ್ಥ ಹೇಳಿದಾಗ ನನಗೆ ಅಳುವೇ ಬಂತು. ಅಷ್ಟು ಚೆನ್ನಾಗಿತ್ತು. ಆ ಹೆಂಗಸಿಗೆ ಕೆಲಸ ಗೊತ್ತಿತ್ತು, ಅದನ್ನು ಒಪ್ಪಲೇಬೇಕು.

ಹೀಗೆ ಒಂದೂವರೆ ವರ್ಷ. ಕೊನೆಯ ಪುಟ ಮುಗಿದ ದಿನ ಕೇಳಿದರು: “ಅನುವಾದಕರು ಎನ್ನುವಲ್ಲಿ ನಿನ್ನ ಹೆಸರನ್ನೂ ಹಾಕಲೇ?”

ಎದೆ ಹಿಗ್ಗಿತು. ಬಾಯಿ ಮಾತ್ರ ಹೇಳಿತು, “ಛೇ, ಬೇಡ ಬಿಡಿ. ನಾನೇನು ಮಾಡಿದೆ? ಎಲ್ಲ ನಿಮ್ಮದೇ.”

ಮೂರು ಸಲ ಒತ್ತಾಯ ಮಾಡಿಸಿಕೊಳ್ಳದೆ ಯಾರ ಮನೆಯಲ್ಲೂ ಎರಡನೇ ಹೋಳಿಗೆ ಹಾಕಿಸಿಕೊಂಡವಳಲ್ಲ ನಾನು. ಮೊದಲ ಸಲಕ್ಕೇ ಹೂಂ ಅನ್ನುವುದು ಹಸಿದವರ ಲಕ್ಷಣ ಎಂದು ಹೇಳಿಸಿಕೊಂಡು ಬೆಳೆದವಳು. ಮದಾಮ್ “ಸರಿ” ಎಂದು ಕಾಫಿ ಬಗ್ಗಿಸಿದರು.

ಸಂಜೆ ನನ್ನವರಿಗೆ ಹೇಳಿದೆ. “ಯಾಕ್ ಹಂಗಂದಿ? ಈ ಮಂದಿ ಒಂದ ಸಲ ಕೇಳ್ತಾರ. ಆಫೀಸಿನ್ಯಾಗ ಊಟಕ್ಕ ಬರ್ತೀಯೇನು ಅಂದ್ರು, ಬ್ಯಾಡ ಅಂದೆ, ಬಿಟ್ಟು ಹೋಗೇಬಿಟ್ರು. ನಾಳೆ ಹೋಗಿ ಹಾಕ್ರಿ ಅಂತ ಹೇಳು.”

“ನಾನಾಗಿ ಹೋಗಿ ಕೇಳ್ಲೇನ್ರೀ? ಮತ್ತೊಮ್ಮೆ ಕೇಳೇ ಕೇಳ್ತಾರ, ನೋಡ್ರಿ.”

ಕಾದೆ. ಚಕ್ಕುಲಿ ಕೊಡುವ ನೆಪದಲ್ಲಿ ಹೋದೆ, ಕೀಲಿ ಕೊಡುವ ನೆಪದಲ್ಲಿ ಹೋದೆ. ಪುಸ್ತಕದ ಸುದ್ದಿ ತೆಗೆದು ನೋಡಿದೆ. ಅವರು ಚಕ್ಕುಲಿ ಬಹಳ ಗರಿಗರಿಯಾಗಿದೆ ಎಂದರು.

ಮರುವರ್ಷ ಪುಸ್ತಕ ಬಂತು. ಮೊದಲ ಪುಟದಲ್ಲಿ ಮಾಸ್ತರಿಣಿಯ ಹೆಸರು, ಅದರ ಕೆಳಗೆ ಮದಾಮ್ ಹೆಸರು. ಆ ಹಾಳೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲನ್ನು ಅವರೇ ಓದಿ ಅರ್ಥ ಹೇಳಿದರು: ಸಹಾಯ ಮಾಡಿದ ಭಾರತೀಯ ನೆರೆಯವಳಿಗೆ ಕೃತಜ್ಞತೆ. ನೆರೆಯವಳಂತೆ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅಂದು ನಾನು ಸುಮ್ಮನಿರಲಿಲ್ಲ. “ನನ್ನ ಹೆಸರು?” ಎಂದು ಕೇಳಿಯೇಬಿಟ್ಟೆ.

ಅವರು ಕನ್ನಡಕ ತೆಗೆದರು. “ಕೇಳಿದೆನಲ್ಲ. ನೀನು ಬೇಡ ಎಂದೆ.”

“ಇನ್ನೊಂದು ಸಲ ಕೇಳಬೇಕಿತ್ತು.”

“ಯಾಕೆ? ಒಂದು ಹೆಂಗಸು ಬೇಡ ಎಂದರೆ ಅದನ್ನು ನಂಬಬಾರದೇ? ನನ್ನ ಮಾತನ್ನು ಜೀವಮಾನವಿಡೀ ಯಾರೂ ನಂಬಲಿಲ್ಲ. ನಿನ್ನ ಮಾತನ್ನು ನಾನು ನಂಬಿದೆ.”

ಆ ಮಾತಿನಲ್ಲಿ ತಪ್ಪು ಹುಡುಕಿದೆ. ಈಗಲೂ ಹುಡುಕುತ್ತಿದ್ದೇನೆ. ಸಿಟ್ಟು ಹೆಚ್ಚಾಗಿ ಅದಕ್ಕೇ.

ಅವರ ಮುಖ ಸಪ್ಪಗಾಗಿತ್ತು. ಆದರೂ ಕಾಗದ, ಪೆನ್ನು ಎಳೆದುಕೊಂಡರು. “ಮರುಮುದ್ರಣದಲ್ಲಿ ಹಾಕಿಸುತ್ತೇನೆ. ಈಗಲೇ ಪ್ರಕಾಶಕರಿಗೆ ಬರೆಯಲೇ?”

ವಯಸ್ಸಾದ ಜೀವ, ನನ್ನಿಂದ ನೊಂದಿದೆ. ಇನ್ನು ಅವರಿಗೆ ತೊಂದರೆ ಕೊಡುವುದೇ ಎನ್ನಿಸಿತು. ಹಾಳಾದ ನನ್ನ ಬಾಯಿಂದ ಹೊರಟಿದ್ದು, “ಇರಲಿ ಬಿಡಿ ಮದಾಮ್.”

ಅವರು ತಲೆಯಾಡಿಸಿ ಪೆನ್ನು ಮುಚ್ಚಿಟ್ಟರು.