ಅಡವಯ್ಯನವರು ಅರ್ಧ ಓದಿದ ಅಧ್ಯಾಯ

ಅಡವಯ್ಯನವರು ಇಪ್ಪತ್ತೆಂಟು ವರ್ಷ ಮಧುಗಿರಿ ಸೀಮೆಯ ಹಳ್ಳಿಗಳಲ್ಲಿ ಸುವಾರ್ತೆ ಸಾರುತ್ತ ತಿರುಗಿದವರು. ದೀಕ್ಷಾಸ್ನಾನವಾದ ಮೇಲೂ ಅಪ್ಪ ಇಟ್ಟ ಹೆಸರನ್ನು ಬಿಟ್ಟಿರಲಿಲ್ಲ. ಬಸ್ಸು ಹೋಗುವಲ್ಲಿಗೆ ಬಸ್ಸು, ಅಲ್ಲಿಂದಾಚೆಗೆ ಕಾಲ್ನಡಿಗೆ. ಎಲ್ಲಿ ಕೂತರೂ ಒಂದು ಪ್ರಸಂಗವನ್ನು ಹೇಳದೆ ಏಳುತ್ತಿರಲಿಲ್ಲ. ಯೇಸುಸ್ವಾಮಿಯನ್ನು ಹಿಡಿದೊಯ್ಯುವ ಮುಂಚೆ ತೋಟದಲ್ಲಿ ಅವರು ಸಂಕಟಪಡುತ್ತಿದ್ದರೆ, ಎಚ್ಚರವಾಗಿರಬೇಕಿದ್ದ ಶಿಷ್ಯರು ನಿದ್ದೆಹೋದರಲ್ಲ, ಆ ಪ್ರಸಂಗ. "ಆ ಸೋಮಾರಿಗಳ ಹಂಗೆ ನೀವೂ ಆಗ್ಬ್ಯಾಡಿ" ಎಂದು ಜನರನ್ನು ಗದರುತ್ತಿದ್ದರು.

ಅರವತ್ತೊಂದನೆಯ ವಯಸ್ಸಿನಲ್ಲಿ ಅವರ ಕಾಲುಗಳು ಸೋತವು. ಸಕ್ಕರೆ ಕಾಯಿಲೆ ಪಾದದ ನರಗಳನ್ನು ತಿಂದುಹಾಕಿತ್ತು. ಉಪವಾಸವಿದ್ದು ಬೇಡಿಕೊಂಡರು. ಮೂರನೆಯ ಉಪವಾಸದಲ್ಲಿ ತಲೆಸುತ್ತಿ ಬಿದ್ದು ಹಾಸಿಗೆ ಹಿಡಿದರು. ಸಭೆಗೆ ಹೊಸದಾಗಿ ಬಂದಿದ್ದ ಸುರೇಶ್ ಪಾಸ್ಟರ್ ನೋಡಲು ಬಂದರು.

"ಬೇಜಾರ್ ಮಾಡ್ಕೋಬೇಡಿ ಅಣ್ಣ. ನಂಬಿಕೆ ಗಟ್ಟಿಯಾಗಿದ್ದಿದ್ರೆ ಇಷ್ಟೊತ್ತಿಗೆ ಎದ್ದು ಓಡಾಡ್ತಿದ್ರಿ."

ಈ ಮಾತು ಅಡವಯ್ಯನವರಿಗೆ ಹೊಸದಲ್ಲ. ಹಿಂದೊಮ್ಮೆ ಮಿಡಿಗೇಶಿಯ ದಾಸಯ್ಯನಿಗೆ ಅವರೇ ಹೇಳಿದ್ದು. ದಾಸಯ್ಯ ಬಂಡೆ ಒಡೆಯುವ ಕೂಲಿ. ಕಲ್ಲಿನ ಧೂಳು ಕುಡಿದು ಎದೆ ಕೆಟ್ಟಿತ್ತು. ಸಂಜೆ ಪ್ರಾರ್ಥನೆಗೆ ಬಂದರೆ ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದ. "ದೇವ್ರ ಮುಂದೆ ಕೂತು ತೂಕಡಿಸ್ತೀಯಲ್ಲೋ, ನಂಬಿಕೆ ಇಲ್ದೋನಿಗೆ ಎಲ್ಲಿಂದ ವಾಸಿಯಾಗ್ಬೇಕು?" ಎಂದು ಎಲ್ಲರೆದುರು ಅಂದಿದ್ದರು. ಆರು ತಿಂಗಳಿಗೆ ಅವನು ಸತ್ತ.

ಪಾಸ್ಟರ್ ಹೋದ ಮೇಲೆ ಅಡವಯ್ಯನವರು ಬೈಬಲ್ಲಿನಲ್ಲಿ ಆ ತೋಟದ ಅಧ್ಯಾಯ ತೆಗೆದರು. ಮನಸ್ಸಿದ್ದರೂ ಮೈ ಕೇಳುವುದಿಲ್ಲ ಎಂದು ಶಿಷ್ಯರ ಪರವಾಗಿ ಸ್ವಾಮಿಯೇ ಆಡಿದ ಮಾತು ಅಲ್ಲೇ ಇತ್ತು. ಎರಡನೆಯ ಸಲ ಬಂದಾಗ ಮಲಗಿದ್ದವರನ್ನು ಅವರ ಪಾಡಿಗೆ ಬಿಟ್ಟು ಹೋದದ್ದೂ ಇತ್ತು. ಇಷ್ಟು ವರ್ಷ ತಾವು ಜನಕ್ಕೆ ಮುಟ್ಟಿಸಿದ್ದು ಗದರಿಕೆಯನ್ನು ಮಾತ್ರ.

ಮರುವಾರ ಹೇಗೋ ಹಾಸಿಗೆ ಬಿಟ್ಟೆದ್ದು ಮಿಡಿಗೇಶಿ ಬಸ್ಸು ಹತ್ತಿದರು. ದಾಸಯ್ಯನ ಹೆಂಡತಿ ಕೆಂಚಮ್ಮ ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೂರಿ ಎನ್ನಲಿಲ್ಲ. ಅವರು ಗೋಡೆ ಹಿಡಿದು ನಿಂತೇ ಹೇಳಿದರು.

"ದಾಸಯ್ಯಂಗೆ ಅವತ್ತು ನಾನಂದಿದ್ದು ತಪ್ಪು ಕಣಮ್ಮ. ಅವನ ನಂಬಿಕೆ ನೆಟ್ಟಗೇ ಇತ್ತು. ಮೈ ಸೋತಿತ್ತು, ಅಷ್ಟೆ."

"ನಂಗದು ಅವತ್ತೇ ಗೊತ್ತಿತ್ತು ಅಯ್ನೋರೆ. ಆವಯ್ಯ ನಂಬಿದ್ದು ನಿಮ್ಮಾತ್ನ. ಉಸ್ರು ಸಿಗ್ದೆ ಒದ್ದಾಡ್ತಿದ್ರೂ ಮಲಗ್ತಿರ್ಲಿಲ್ಲ, ದೇವ್ರು ಸಿಟ್ಟಾಗ್ತಾನೆ ಅಂತ. ಹೆದರ್ಕಂಡೇ ಸತ್ತೋದ."

ಅಡವಯ್ಯನವರು ಕ್ಷಮಿಸು ಎಂದರು.

"ನಿಮ್ ಕಾಲು ಚೆನ್ನಾಗಿದ್ದಿದ್ರೆ ಬರ್ತಿದ್ರಾ ಇಲ್ಲೀಗಂಟ?"

"ಇಲ್ಲ ಕಣಮ್ಮ" ಎಂದರು.

ಕೆಂಚಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು.

ಆ ಭಾನುವಾರ ಸಭೆಯಲ್ಲಿ ಎರಡು ಮಾತಾಡಲು ಅವಕಾಶ ಕೊಡಿ ಎಂದು ಅಡವಯ್ಯನವರು ಕೇಳಿಕೊಂಡರು. ದಾಸಯ್ಯನಿಗೆ ತಾವಂದ ತಪ್ಪು ಮಾತಿನ ವಿಷಯ ಎಂದು ತಿಳಿದ ಮೇಲೆ ಸುರೇಶ್ ಪಾಸ್ಟರ್ ಅಡ್ಡಡ್ಡ ತಲೆಯಾಡಿಸಿದರು. "ಬೇಡ ಅಣ್ಣ. ಜನರ ಧೈರ್ಯ ಕೆಟ್ಟೋಗುತ್ತೆ."

ಅಡವಯ್ಯನವರು ಎದುರು ಹೇಳಲಿಲ್ಲ. ಹೇಳಬೇಕಿತ್ತು ಎಂದು ಬೆಂಚಿಗೆ ಬಂದು ಕೂತ ಮೇಲೆ ಅನ್ನಿಸಿತು. ಅಷ್ಟರಲ್ಲಿ ಕಮಲಾಕ್ಷಮ್ಮ ಎಂಬಾಕೆ ಮೈಕಿನ ಮುಂದೆ ನಿಂತು, ಪ್ರಾರ್ಥನೆಯಿಂದ ತನ್ನ ಮಂಡಿನೋವು ಪೂರ್ತಿ ಹೋಯಿತೆಂದು ಹೇಳಿದರು. ವೇದಿಕೆಯಿಂದ ಇಳಿಯುವಾಗ ಮೆಟ್ಟಿಲಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅದನ್ನು ಅಡವಯ್ಯನವರು ಕಂಡರು. ಸಭೆ ಚಪ್ಪಾಳೆ ತಟ್ಟಿತು. ಅವರೂ ತಟ್ಟಿದರು.